ಎಕ್ಸೆಕಿಯಾಸ್‌ನ ಆಂಫೊರಾ: ಚಿತ್ರ ಮಾತ್ರ ನೋಡಿದರೆ ಸಾಕಾ, ಮಡಕೆಯನ್ನೂ ನೋಡಬೇಕಾ?

ಕುಂಚದವಳು

ಗ್ರೀಕ್ ಮಡಕೆಗಳ ಬಗ್ಗೆ ಆಸಕ್ತಿ ಇರುವವರು ಇಲ್ಲಿ ಕೆಲವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ವ್ಯಾಟಿಕನ್ನಿನಲ್ಲಿ ಎಕ್ಸೆಕಿಯಾಸ್ ಅನ್ನುವ ಪ್ರಾಚೀನ ಗ್ರೀಕ್ ಕುಂಬಾರ ಮಾಡಿದ ಒಂದು ಆಂಫೊರಾ ಇದೆ. ಕ್ರಿ.ಪೂ. 540ರಿಂದ 530ರ ನಡುವಿನದು, ಅಥೆನ್ಸ್‌ನಲ್ಲಿ ಮಾಡಿದ್ದು, ಎತ್ತರ ಸುಮಾರು 61 ಸೆಂಟಿಮೀಟರ್. ಅದರ ಮೇಲೆ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಎದುರುಬದುರು ಕೂತು ಆಟ ಆಡುತ್ತಿದ್ದಾರೆ. ಟ್ರಾಯ್ ಯುದ್ಧ ನಡೆಯುತ್ತಿದೆ, ಮೈಮೇಲೆ ಕವಚ ಇದೆ, ಎಡಗೈಯಲ್ಲಿ ಎರಡೆರಡು ಈಟಿ, ಬಲಗೈ ಮಾತ್ರ ಮಧ್ಯದ ಮಣೆಯ ಮೇಲೆ.

ಪುಸ್ತಕಗಳಲ್ಲಿ ಈ ಚಿತ್ರವನ್ನು ಯಾವಾಗಲೂ ಚೌಕಾಕಾರಕ್ಕೆ ಕತ್ತರಿಸಿ ಹಾಕುತ್ತಾರೆ. ಮಡಕೆಯ ಬಾಯಿ ಇಲ್ಲ, ಹಿಡಿ ಇಲ್ಲ, ಹೊಟ್ಟೆಯ ಉಬ್ಬು ಇಲ್ಲ. ನನ್ನ ತಕರಾರು ಅದೇ. ಇಡೀ ಮಡಕೆ ಕಾಣುವ ಫೋಟೊ ಹುಡುಕಿ ನೋಡಿ. ಇಬ್ಬರೂ ಮುಂದಕ್ಕೆ ಬಾಗಿದ್ದಾರೆ. ಅವರ ಬೆನ್ನಿನ ಗೆರೆ ಎಡಕ್ಕೂ ಬಲಕ್ಕೂ ಮಡಕೆಯ ಅಂಚಿನ ಗೆರೆಯ ಜೊತೆಜೊತೆಗೇ ಬಾಗುತ್ತದೆ. ಈಟಿಗಳು ಓರೆಯಾಗಿ ಮೇಲಕ್ಕೆ ಹೋಗಿ ಸೀದಾ ಹಿಡಿಗಳ ಬುಡಕ್ಕೆ ಕಣ್ಣನ್ನು ಕರೆದೊಯ್ಯುತ್ತವೆ. ಅದೇ ಈಟಿಗಳ ಮೇಲೆ ಕಣ್ಣು ಕೆಳಗಿಳಿಸಿದರೆ ಎರಡೂ ಕಡೆಯಿಂದ ಮಣೆಗೇ ಬಂದು ಸೇರುತ್ತೇವೆ. ಕತ್ತರಿಸಿದ ಫೋಟೊದಲ್ಲಿ ಇದು ಯಾವುದೂ ಕಾಣುವುದಿಲ್ಲ. ಇಬ್ಬರು ಸುಮ್ನೆ ಗೂನು ಹಾಕಿಕೊಂಡು ಕೂತ ಹಾಗೆ ಕಾಣುತ್ತದೆ.

ಇದು ಅವನು ಬೇಕು ಅಂತಲೇ ಮಾಡಿದ್ದಾ, ಅಥವಾ ನಾನೇ ಜಾಸ್ತಿ ಹುಡುಕುತ್ತಿದ್ದೇನಾ? ಮಣ್ಣಿನ ಕೆಲಸ ಗೊತ್ತಿರುವವರು ಹೇಳಿ.

ತಿಗರಿಮಣ್ಣು

ಬೇಕು ಅಂತಲೇ ಮಾಡಿದ್ದು. ಯಾಕೆ ಅಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಆ ಮಡಕೆಯ ಬಾಯಿಯ ಅಂಚಿನಲ್ಲೇ ಸಹಿ ಇದೆ: 'ಎಕ್ಸೆಕಿಯಾಸ್ ನನ್ನನ್ನು ಬರೆದ, ಮಾಡಿದ' ಅಂತ. ಮಡಕೆಯೇ ಮಾತಾಡುವ ಹಾಗೆ. ಸಾಮಾನ್ಯವಾಗಿ ಕುಂಬಾರನೇ ಬೇರೆ, ಚಿತ್ರ ಬರೆಯುವವನೇ ಬೇರೆ. ಎಕ್ಸೆಕಿಯಾಸ್‌ನ ಹೆಸರಿರುವ ಪಾತ್ರೆಗಳಲ್ಲೂ ಹೆಚ್ಚಿನವುಗಳ ಮೇಲೆ 'ಮಾಡಿದ' ಅಂತ ಮಾತ್ರ ಇದೆ. ಎರಡನ್ನೂ ಹೇಳಿಕೊಂಡ ಪಾತ್ರೆಗಳು ಎರಡೇ ಉಳಿದಿವೆ, ಇದು ಅದರಲ್ಲಿ ಒಂದು. ತಿಗರಿಯ ಮೇಲೆ ಹೊಟ್ಟೆ ಎಬ್ಬಿಸಿದ ಕೈಯೇ ಆಮೇಲೆ ಕುಂಚ ಹಿಡಿದಿದೆ. ಉಬ್ಬು ಎಲ್ಲಿ ಶುರುವಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಕಾರದ ಬಗ್ಗೆ ಒಂದು ಮಾತು. ಆಂಫೊರಾ ಅಂದರೆ ಎರಡು ಹಿಡಿಯ ದೊಡ್ಡ ಪಾತ್ರೆ. ದ್ರಾಕ್ಷಾರಸ, ಎಣ್ಣೆ ತುಂಬಿಡಲು. ಇದರಲ್ಲಿ ಎರಡು ದೊಡ್ಡ ಬಗೆ. ಒಂದರಲ್ಲಿ ಕುತ್ತಿಗೆ ಬೇರೆ, ಹೊಟ್ಟೆ ಬೇರೆ, ನಡುವೆ ಭುಜದ ಮುರಿವು ಎದ್ದು ಕಾಣುತ್ತದೆ. ಇನ್ನೊಂದರಲ್ಲಿ ಬಾಯಿಯಿಂದ ಪಾದದವರೆಗೆ ಮುರಿವೇ ಇಲ್ಲದ ಒಂದೇ ಗೆರೆ. ಇದು ಎರಡನೆಯದು. ಅದರಲ್ಲೂ ವಿದ್ವಾಂಸರು 'ಎ' ಮಾದರಿ ಅಂತ ಕರೆಯುವುದು. ಹಿಡಿ ಗುಂಡಗಿಲ್ಲ, ಚಪ್ಪಟೆಯಾಗಿ ಅಂಚು ಎದ್ದಿದೆ, ಅಂಚಿನ ಮೇಲೆ ಐವಿ ಬಳ್ಳಿಯ ಎಲೆಗಳು. ಪಾದ ಎರಡು ಮೆಟ್ಟಿಲಾಗಿದೆ. ಪಾದದ ಮೇಲೆ ಕಿರಣಗಳ ಹಾಗೆ ಚೂಪು ಗೆರೆಗಳು. ಉಳಿದ ಮೈಯೆಲ್ಲ ಹೊಳೆಯುವ ಕಪ್ಪು. ಹಿಂದೆ ಮುಂದೆ ಎರಡು ಕೆಂಪು ಕಿಟಕಿ ಬಿಟ್ಟಿದ್ದಾನೆ, ಚಿತ್ರ ಅಲ್ಲಿ ಮಾತ್ರ.

ಇಷ್ಟು ದೊಡ್ಡ ಪಾತ್ರೆಯನ್ನು ಭಾಗ ಭಾಗವಾಗಿ ಎತ್ತಿ, ಸ್ವಲ್ಪ ಒಣಗಿದ ಮೇಲೆ ಕೂಡಿಸುತ್ತಾರೆ. ಕೂಡಿಸಿದ ಜಾಗ ಹೊರಗೆ ಗೊತ್ತಾಗಬಾರದು. ಆ ಒಂದೇ ಗೆರೆ ಸಾಧಿಸುವುದು ಚಿತ್ರ ಬರೆಯುವುದಕ್ಕಿಂತ ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ.

ಕುಡ್ಲದ ಗಾಳಿ

ಅದೆಲ್ಲ ಇರಲಿ ಮಾರಾಯ್ರೆ, ಆಟದಲ್ಲಿ ಗೆದ್ದದ್ದು ಯಾರು?

ಹಳೇಪುಟ

ಒಳ್ಳೆಯ ಪ್ರಶ್ನೆ. ಉತ್ತರ ಚಿತ್ರದಲ್ಲೇ ಬರೆದಿದೆ. ಅಕಿಲೀಸ್‌ನ ಬಾಯಿಂದ ಹೊರಟ ಹಾಗೆ 'ತೆಸರ' ಅನ್ನುವ ಅಕ್ಷರಗಳಿವೆ, ಅಂದರೆ ನಾಲ್ಕು. ಏಜಾಕ್ಸ್‌ನ ಬಾಯಿಂದ 'ತ್ರಿಯ', ಮೂರು. ನಮ್ಮ ಚೌಕಾಬಾರದಲ್ಲಿ ಕವಡೆ ಬಿದ್ದ ಕೂಡಲೇ ಗರ ಕೂಗುತ್ತೇವಲ್ಲ, ಹಾಗೆ. ಅದು ಯಾವ ಆಟ, ಆ ಸಂಖ್ಯೆ ದಾಳದ್ದಾ ಕಾಯಿ ನಡೆಸಿದ್ದಾ ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ. ಆದರೆ ನಾಲ್ಕು ಮೂರಕ್ಕಿಂತ ದೊಡ್ಡದು ಅನ್ನುವುದರಲ್ಲಿ ಜಗಳ ಇಲ್ಲ.

ಅಕ್ಷರ ಓದಲು ಬಾರದಿದ್ದರೂ ಗೊತ್ತಾಗುತ್ತದೆ. ಇಬ್ಬರ ತಲೆ ನೋಡಿ. ಅಕಿಲೀಸ್ ಶಿರಸ್ತ್ರಾಣ ಹಾಕಿಕೊಂಡೇ ಇದ್ದಾನೆ, ಅದರ ಜುಟ್ಟು ಮೇಲಕ್ಕೆ ಎದ್ದಿದೆ. ಏಜಾಕ್ಸ್ ತನ್ನದನ್ನು ತೆಗೆದು ಹಿಂದೆ ಗುರಾಣಿಯ ಮೇಲೆ ಇಟ್ಟಿದ್ದಾನೆ. ಹಾಗಾಗಿ ಇಬ್ಬರೂ ಒಂದೇ ಎತ್ತರಕ್ಕೆ ಕೂತಿದ್ದರೂ ಅಕಿಲೀಸ್ ಎತ್ತರವಾಗಿ ಕಾಣುತ್ತಾನೆ. ಇನ್ನೊಂದು, ಏಜಾಕ್ಸ್‌ನ ಹಿಮ್ಮಡಿ. ಸ್ವಲ್ಪವೇ ನೆಲ ಬಿಟ್ಟು ಎದ್ದಿದೆ. ಸೋಲುತ್ತಿರುವವನ ತಳಮಳ ಅಲ್ಲಿದೆ, ಮುಖದಲ್ಲಿ ಏನೂ ಇಲ್ಲ.

ಗಮನಿಸಿ, ಈ ಕಥೆ ಹೋಮರ್‌ನಲ್ಲಿ ಇಲ್ಲ. ಇಲಿಯಡ್ ಪೂರ್ತಿ ಹುಡುಕಿದರೂ ಈ ಇಬ್ಬರು ಆಟಕ್ಕೆ ಕೂತ ಸನ್ನಿವೇಶ ಸಿಗುವುದಿಲ್ಲ. ಎಕ್ಸೆಕಿಯಾಸ್‌ನ ನಂತರ ಮಾತ್ರ ಅಥೆನ್ಸ್‌ನ ಕಲಾವಿದರಿಗೆ ಇದರ ಹುಚ್ಚು ಹಿಡಿಯಿತು. ಇದೇ ದೃಶ್ಯ ಇರುವ ನೂರಕ್ಕೂ ಹೆಚ್ಚು ಪಾತ್ರೆಗಳಿವೆ. ಹೆಚ್ಚಿನವರು ಮಧ್ಯದಲ್ಲಿ ಅಥೀನಾ ದೇವಿಯನ್ನು ತಂದು ನಿಲ್ಲಿಸಿಬಿಟ್ಟರು. 'ಏಳಿ, ಯುದ್ಧ ಶುರುವಾಗಿದೆ' ಅಂತ ಎಬ್ಬಿಸುವ ಹಾಗೆ. ನನಗೆ ಅವು ಇಷ್ಟ ಆಗುವುದಿಲ್ಲ. ಇಬ್ಬರ ನಡುವೆ ಮೂರನೆಯವರಿಗೆ ಜಾಗ ಇಲ್ಲದಿರುವುದೇ ಇದರ ಬಲ.

ಖರ್ಚುಲೆಕ್ಕ

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಕಲ್ಲು ಹಾಕುತ್ತೇನೆ. ಇವು ಆ ಕಾಲದಲ್ಲಿ ಅಂಥ ದುಬಾರಿ ವಸ್ತುಗಳೇನೂ ಅಲ್ಲ. ಕೆಲವು ಪಾತ್ರೆಗಳ ಪಾದದ ಅಡಿಯಲ್ಲಿ ವ್ಯಾಪಾರಿಗಳು ಗೀಚಿದ ಬೆಲೆಗಳು ಸಿಕ್ಕಿವೆ. ಕೆಲವೇ ದ್ರಾಕ್ಮಾ (ಆಗಿನ ಬೆಳ್ಳಿ ನಾಣ್ಯ), ಕೆಲವಕ್ಕೆ ಅದಕ್ಕೂ ಕಡಿಮೆ. ಕ್ರಿ.ಪೂ. ಐದನೇ ಶತಮಾನದ ಕೊನೆಗೆ ಅಥೆನ್ಸ್‌ನಲ್ಲಿ ಒಬ್ಬ ಕುಶಲಕರ್ಮಿಯ ದಿನಗೂಲಿ ಒಂದು ದ್ರಾಕ್ಮಾ. ನಿಜವಾದ ಶ್ರೀಮಂತರು ಬೆಳ್ಳಿ ಬಂಗಾರದ ಪಾತ್ರೆ ಬಳಸುತ್ತಿದ್ದರು. ಮೈಕೆಲ್ ವಿಕರ್ಸ್, ಡೇವಿಡ್ ಗಿಲ್ ಅವರಂಥ ವಿದ್ವಾಂಸರು ಈ ಮಣ್ಣಿನ ಪಾತ್ರೆಗಳೇ ಲೋಹದ ಪಾತ್ರೆಗಳ ಅಗ್ಗದ ನಕಲು ಅಂತ ವಾದಿಸಿದ್ದಾರೆ. ಬೆಳ್ಳಿಯನ್ನು ಕರಗಿಸಿಬಿಟ್ಟರು, ಮಣ್ಣು ಉಳಿಯಿತು. ಉಳಿದದ್ದಕ್ಕೆ ನಾವು ಕೋಟಿ ಬೆಲೆ ಕಟ್ಟಿದ್ದೇವೆ. ಅಷ್ಟೇ ವಿಷಯ.

ತಿಗರಿಮಣ್ಣು

ಬೆಲೆ ಕಡಿಮೆ ಅಂತ ಒಪ್ಪೋಣ ಸರ್. ಅದರಿಂದ ಕೆಲಸ ಕಡಿಮೆ ಅಂತ ಆಗುತ್ತದಾ? ಲೋಹದ ಆಕಾರ ನೋಡಿ ಕುಂಬಾರರು ಕಲಿತದ್ದು ನಿಜ. ಆ ಎದ್ದ ಅಂಚಿನ ಹಿಡಿ ನೋಡಿದರೆ ತಗಡಿನ ಕೆಲಸ ನೆನಪಾಗುತ್ತದೆ. ಆದರೆ ಚಿತ್ರ ಬರೆಯುವ ವಿಧಾನ ಪೂರ್ತಿ ಮಣ್ಣಿನದು, ಬೆಂಕಿಯದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಕಪ್ಪು ಬಣ್ಣ ಬಳಿದರು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ.

ಬಣ್ಣ ಅಲ್ಲ ಅದು. ಮಡಕೆ ಮಾಡಿದ ಮಣ್ಣನ್ನೇ ನೀರಿನಲ್ಲಿ ಕದಡಿ, ದಪ್ಪ ಕಣ ತಳಕ್ಕೆ ಇಳಿಯಲು ಬಿಟ್ಟು, ಮೇಲೆ ತೇಲುವ ಅತಿ ಸಣ್ಣ ಕಣದ ತಿಳಿಮಣ್ಣನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಚಿತ್ರ ತುಂಬುತ್ತಾರೆ. ಬರೆಯುವಾಗ ಅದು ಕಪ್ಪಗಿರುವುದಿಲ್ಲ. ಕೆಂಪು ಮಡಕೆಯ ಮೇಲೆ ಕಂದುಗೆಂಪು ಗೆರೆ, ಎರಡಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಆಮೇಲೆ ಚೂಪು ಮೊನೆಯಲ್ಲಿ ಆ ಪದರವನ್ನು ಗೀರಿ ಕಣ್ಣು, ಬೆರಳು, ಬಟ್ಟೆಯ ಕಸೂತಿ ತೆಗೆಯುತ್ತಾರೆ. ಗೀರಿದ ಕಡೆ ಕೆಳಗಿನ ಮಣ್ಣು ಕಾಣುತ್ತದೆ. ಒಮ್ಮೆ ಗೀರಿದ ಗೆರೆಯನ್ನು ಸುಲಭವಾಗಿ ಅಳಿಸಲು ಆಗುವುದಿಲ್ಲ.

ಕಪ್ಪು ಬರುವುದು ಆವಿಗೆಯಲ್ಲಿ. ಮೂರು ಹಂತ, ಆದರೆ ಒಂದೇ ಸುಡುವಿಕೆ. ಮೊದಲು ಗಾಳಿ ಆಡಲು ಬಿಟ್ಟು ಸುಮಾರು 800 ಡಿಗ್ರಿಗೆ ಒಯ್ಯುತ್ತಾರೆ. ಎಲ್ಲವೂ ಕೆಂಪಾಗುತ್ತದೆ. ಆಮೇಲೆ ಗಾಳಿಕಂಡಿ ಮುಚ್ಚಿ ಹಸಿ ಸೌದೆ ಹಾಕಿ ಶಾಖವನ್ನು ಸುಮಾರು 950ರವರೆಗೆ ಏರಿಸುತ್ತಾರೆ. ಆಮ್ಲಜನಕ ಸಿಗದೆ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ಕಪ್ಪಾಗುತ್ತದೆ. ಈಗ ಇಡೀ ಮಡಕೆ ಕಪ್ಪು. ಇದೇ ಶಾಖದಲ್ಲಿ ಆ ಸಣ್ಣ ಕಣದ ಪದರ ಕರಗಿ ಗಾಜಿನ ಹಾಗೆ ಬಿಗಿದುಕೊಳ್ಳುತ್ತದೆ. ಕೊನೆಗೆ ಸ್ವಲ್ಪ ತಣಿಸಿ ಕಂಡಿ ತೆಗೆಯುತ್ತಾರೆ. ಮಡಕೆಯ ಮೈ ರಂಧ್ರ ರಂಧ್ರ, ಅದರೊಳಗೆ ಗಾಳಿ ನುಗ್ಗಿ ಮತ್ತೆ ಕೆಂಪಾಗುತ್ತದೆ. ಬಿಗಿದುಕೊಂಡ ಪದರದೊಳಗೆ ಗಾಳಿ ಹೋಗುವುದಿಲ್ಲ, ಅದು ಕಪ್ಪಾಗಿಯೇ ಉಳಿಯುತ್ತದೆ. ಕಂಡಿ ತೆಗೆಯುವುದು ತಡವಾದರೆ ಎಲ್ಲಾ ಮಸಿ. ಶಾಖ ಜಾಸ್ತಿ ಕೊಟ್ಟರೆ, ಕಡಿಮೆ ಕೊಟ್ಟರೆ ತಿಂಗಳ ಕೆಲಸ ಬೂದಿ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ, ಬೆಂಕಿಯ ಬಣ್ಣ ನೋಡಿ ಮಾಡಿದ್ದು ಇದು. ಈ ಗುಟ್ಟನ್ನು ಜರ್ಮನಿಯ ಥಿಯೊಡೋರ್ ಶೂಮನ್ ಬಿಡಿಸಿ ತೋರಿಸಿದ್ದು 1942ರಲ್ಲಿ.

ಕೂಲಿ ಒಂದು ದ್ರಾಕ್ಮಾ ಇರಬಹುದು. ಬೆಳ್ಳಿ ಕೆಲಸದವನಿಗೆ ಇದು ಬರುತ್ತಿತ್ತಾ?

ಖರ್ಚುಲೆಕ್ಕ

ಕೆಲಸ ಕಷ್ಟದ್ದು ಅನ್ನುವುದಕ್ಕೆ ನನ್ನ ವಿರೋಧ ಇಲ್ಲ. ಇಡೀ ನಗರ ಇದನ್ನು ಪೂಜಿಸುತ್ತಿತ್ತು ಅನ್ನುವ ಹಾಗೆ ಬರೆಯಬೇಡಿ ಅಂದೆ ಅಷ್ಟೇ. ಇನ್ನೊಂದು, ಇದು ಸಿಕ್ಕಿದ್ದು ಅಥೆನ್ಸ್‌ನಲ್ಲಿ ಅಲ್ಲ. ಇಟಲಿಯ ವುಲ್ಚಿಯಲ್ಲಿ. ರಫ್ತಿನ ಮಾಲು.

ಹಳೇಪುಟ

ಹೌದು, ಎಟ್ರುಸ್ಕನ್ನರ ಊರು, ಅಂದರೆ ರೋಮನ್ನರ ಆಳ್ವಿಕೆಗೂ ಮುಂಚೆ ಅಲ್ಲಿದ್ದ ಜನರದ್ದು. ಅವರು ಗೋರಿಗಳಲ್ಲಿ ಗ್ರೀಕ್ ಪಾತ್ರೆಗಳನ್ನು ಇಡುತ್ತಿದ್ದರು, ಅದಕ್ಕೇ ಇಷ್ಟು ಪಾತ್ರೆಗಳು ಒಡೆಯದೆ ಉಳಿದಿವೆ. ವುಲ್ಚಿಯಲ್ಲಿ 1828ರಿಂದ ದೊಡ್ಡ ಅಗೆತ ಶುರುವಾಯಿತು. ನೆಪೋಲಿಯನ್‌ನ ತಮ್ಮ ಲೂಸಿಯನ್ ಬೊನಪಾರ್ತ್ ತನ್ನ ಜಮೀನಿನಲ್ಲಿ ಸಾವಿರಾರು ಪಾತ್ರೆ ತೆಗೆಸಿದ. ಆಗ ಆ ಪ್ರದೇಶ ಪೋಪರ ಆಳ್ವಿಕೆಯಲ್ಲಿತ್ತು. 1837ರಲ್ಲಿ ಪೋಪ್ 16ನೇ ಗ್ರೆಗರಿ ವ್ಯಾಟಿಕನ್‌ನಲ್ಲಿ ಎಟ್ರುಸ್ಕನ್ ವಸ್ತುಸಂಗ್ರಹಾಲಯ ತೆರೆದರು. ಗ್ರೀಕ್ ವೀರರು ಪೋಪರ ಮನೆ ಸೇರಿದ್ದು ಹೀಗೆ.

ಆದರೆ ರಫ್ತಿನ ಮಾಲು ಅಂದ ಮಾತ್ರಕ್ಕೆ ಎಟ್ರುಸ್ಕನ್ನರಿಗಾಗಿಯೇ ಬರೆದದ್ದು ಅಂತ ಆಗುವುದಿಲ್ಲ. ಇದರ ಮೇಲೆ 'ಒನೆಟೊರಿಡೆಸ್ ಚೆಲುವ' ಅಂತ ಬರೆದಿದೆ. ಅಥೆನ್ಸ್‌ನ ಯಾವುದೋ ಮನೆತನದ ಹುಡುಗನನ್ನು ಹೊಗಳುವ ಮಾತು. ವುಲ್ಚಿಯ ಗಿರಾಕಿಗೆ ಆ ಹುಡುಗ ಯಾರಾದರೆ ಏನು?

ದುರ್ಗದ ಬಂಡೆ

ತಿಗರಿಮಣ್ಣು ಅವರೇ, ನಿಮ್ಮ ಸುಡುವ ವಿವರ ಓದಿ ನಮ್ಮೂರ ಕಡೆಯ ಬ್ರಹ್ಮಗಿರಿ ನೆನಪಾಯಿತು. ಮೊಳಕಾಲ್ಮೂರು ತಾಲ್ಲೂಕು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಕಬ್ಬಿಣಯುಗದ ಕಲ್ಗೋರಿಗಳಲ್ಲಿ ಕಪ್ಪು-ಕೆಂಪು ಮಡಕೆ ರಾಶಿ ಸಿಕ್ಕಿತು. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಹೊರಗೆ ಕೆಳಗಡೆ ಕೆಂಪು. ನಮ್ಮವರಿಗೂ ಇದೇ ವಿದ್ಯೆ ಗೊತ್ತಿತ್ತು ಅಂತ ಹೇಳಬಹುದಾ?

ತಿಗರಿಮಣ್ಣು

ಇದೇ ವಿದ್ಯೆ ಅಲ್ಲ, ಹತ್ತಿರದ ಇನ್ನೊಂದು ವಿದ್ಯೆ. ಗಾಳಿ ಸಿಕ್ಕರೆ ಕೆಂಪು, ಸಿಗದಿದ್ದರೆ ಕಪ್ಪು ಅನ್ನುವುದು ಎರಡಕ್ಕೂ ಒಂದೇ. ಬ್ರಹ್ಮಗಿರಿಯ ಬಗೆಯ ಮಡಕೆಯನ್ನು ಬೋರಲು ಹಾಕಿ ಸುಟ್ಟರು ಅನ್ನುವುದು ಹೆಚ್ಚಾಗಿ ಒಪ್ಪಿದ ವಿವರಣೆ. ಬಾಯಿ ಬೂದಿ, ಹೊಟ್ಟು, ಎಲೆಯಲ್ಲಿ ಹೂತುಕೊಂಡರೆ ಒಳಗೂ ಅಂಚಿಗೂ ಗಾಳಿ ಹೋಗುವುದಿಲ್ಲ, ಕಪ್ಪಾಗುತ್ತದೆ. ಅಲ್ಲಿ ಬಣ್ಣ ಹಂಚುವುದು ಮಡಕೆ ಇಟ್ಟ ರೀತಿ. ಅಥೆನ್ಸ್‌ನಲ್ಲಿ ಗಾಳಿ ಎಲ್ಲ ಕಡೆಗೂ ಒಂದೇ ಸಮ, ಬಣ್ಣ ಹಂಚುವುದು ಎರಡು ಬಗೆಯ ಮಣ್ಣು. ಅದಕ್ಕೇ ಅಲ್ಲಿ ರೆಪ್ಪೆಗೂದಲಿನಷ್ಟು ಸಣ್ಣ ಗೆರೆಯೂ ಸಾಧ್ಯವಾಯಿತು. ಒಬ್ಬರಿಂದ ಒಬ್ಬರು ಕಲಿತದ್ದಲ್ಲ. ಬ್ರಹ್ಮಗಿರಿಯ ಮಡಕೆಗಳ ಹೊಳಪೂ ಕಡಿಮೆಯದಲ್ಲ, ಅದನ್ನು ಉಜ್ಜಿ ಉಜ್ಜಿ ತಂದಿದ್ದಾರೆ.

ರೈನ್ ದಂಡೆ

ಜರ್ಮನಿಯಿಂದ ಬರೆಯುತ್ತಿದ್ದೇನೆ. ವ್ಯಾಟಿಕನ್‌ನಲ್ಲಿ ಇದನ್ನು ನೋಡಿದ್ದೇನೆ. ಅಲ್ಲಿಗೆ ಬರುವ ಜನರೆಲ್ಲ ಸಿಸ್ಟೀನ್ ಚಾಪೆಲ್ ಕಡೆ ಓಡುತ್ತಿರುತ್ತಾರೆ, ಈ ಕಡೆ ಗಲಾಟೆ ಕಡಿಮೆ. ಕುಂಚದವಳು ಹೇಳಿದ್ದು ಸರಿ. ಎದುರಿಗೆ ನಿಂತರೆ ಇಬ್ಬರ ಬೆನ್ನೂ ನಮ್ಮಿಂದ ಹಿಂದಕ್ಕೆ ಸರಿಯುತ್ತದೆ, ಮಣೆ ಮಾತ್ರ ನಮ್ಮ ಕಡೆ ಉಬ್ಬಿ ಬರುತ್ತದೆ. ಸಮತಟ್ಟು ಚಿತ್ರದಲ್ಲಿ ಇದು ಆಗುವುದೇ ಇಲ್ಲ.

ಫೋಟೊದಲ್ಲಿ ಸಿಗದ ಇನ್ನೊಂದು ವಿಷಯ ಆ ಮೇಲುಹೊದಿಕೆಗಳು. ಇಬ್ಬರ ಹೊದಿಕೆಯ ಮೇಲೂ ನಕ್ಷತ್ರ, ಹೂವು, ಸುರುಳಿ, ಅಂಚಿನ ಪಟ್ಟಿ. ಎಲ್ಲವೂ ಗೀರಿದ್ದು. ದೂರದಿಂದ ಬೂದುಬಣ್ಣದ ಮಸುಕಾಗಿ ಕಾಣುತ್ತದೆ, ಹತ್ತಿರ ಹೋದರೆ ಒಂದೊಂದು ಗೆರೆಯೂ ಬೇರೆ ಬೇರೆ. ಕೂದಲು, ಗಡ್ಡವೂ ಹಾಗೆಯೇ. ಹಿಂದೆ ಒರಗಿಸಿಟ್ಟ ಗುರಾಣಿಗಳಲ್ಲಿ ಒಂದರ ಮೇಲೆ ಸ್ಯಾಟಿರ್ ಅನ್ನುವ ಕಾಡುಜೀವಿಯ ಮುಖ, ಇನ್ನೊಂದರ ಮೇಲೆ ಗಾರ್ಗನ್ ಅನ್ನುವ ರಾಕ್ಷಸಿಯ ಮುಖ. ಇಬ್ಬರು ವೀರರೂ ಪಕ್ಕಕ್ಕೆ ತಿರುಗಿದ್ದಾರೆ, ಆ ಎರಡು ಮುಖಗಳು ಮಾತ್ರ ನಮ್ಮನ್ನೇ ದಿಟ್ಟಿಸುತ್ತವೆ.

ದಯವಿಟ್ಟು ಹಿಂಬದಿಯನ್ನೂ ನೋಡಿ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕುಂಚದವಳು

ಹಿಂಬದಿಯ ಬಗ್ಗೆ ಹೇಳಿ ಹೇಳಿ. ನನ್ನ ಹತ್ತಿರ ಇರುವ ಫೋಟೊ ತೀರಾ ಚಿಕ್ಕದು.

ರೈನ್ ದಂಡೆ

ಅಲ್ಲಿ ಅವಳಿ ಸಹೋದರರು, ಕ್ಯಾಸ್ಟರ್ ಮತ್ತು ಪಾಲಿಡ್ಯೂಸಿಸ್, ಮನೆಗೆ ಬಂದಿದ್ದಾರೆ. ಎಡಗಡೆ ಪಾಲಿಡ್ಯೂಸಿಸ್, ಅವನ ಮೇಲೆ ನಾಯಿ ಹಾರಿ ಹಾರಿ ಬೀಳುತ್ತಿದೆ. ತಾಯಿ ಲೀಡಾ ನಿಂತಿದ್ದಾಳೆ. ಮಧ್ಯದಲ್ಲಿ ಕ್ಯಾಸ್ಟರ್, ಜೊತೆಗೆ ಅವನ ಕುದುರೆ. ಕುದುರೆಗೂ ಹೆಸರು ಬರೆದಿದ್ದಾನೆ, ಕಿಲ್ಲಾರೊಸ್. ತಂದೆ ಟಿಂಡೇರಿಯಸ್ ಕುದುರೆಯ ಮೂತಿ ಸವರುತ್ತಿದ್ದಾನೆ. ಅವನ ಮುಂದೆ ಪುಟ್ಟ ಹುಡುಗನೊಬ್ಬ ತಲೆಯ ಮೇಲೆ ಪೀಠ ಹೊತ್ತು ಬರುತ್ತಿದ್ದಾನೆ. ಪೀಠದ ಮೇಲೆ ಮಡಿಸಿದ ಬಟ್ಟೆ, ಕೈಯಲ್ಲಿ ಎಣ್ಣೆಯ ಕುಡಿಕೆ. ದಾರಿ ನಡೆದು ಬಂದವರಿಗೆ ಸ್ನಾನಕ್ಕೆ ಸಿದ್ಧತೆ.

ಮುಂದೆ ಯುದ್ಧಭೂಮಿ, ಹಿಂದೆ ಮನೆ. ಮುಂದಿನ ಇಬ್ಬರೂ ಮನೆಗೆ ಮರಳುವುದಿಲ್ಲ ಅಂತ ಗ್ರೀಕರಿಗೆಲ್ಲ ಗೊತ್ತಿತ್ತು.

ಕುಡ್ಲದ ಗಾಳಿ

ಅಕಿಲೀಸ್‌ನ ಹಿಮ್ಮಡಿಗೆ ಬಾಣ ಬಿದ್ದದ್ದು ಗೊತ್ತುಂಟು. ಏಜಾಕ್ಸ್‌ಗೆ ಎಂತ ಆಯಿತು?

ಹಳೇಪುಟ

ಅಕಿಲೀಸ್ ಸತ್ತ ಮೇಲೆ ಅವನ ಹೆಣವನ್ನು ಹೆಗಲ ಮೇಲೆ ಹೊತ್ತು ತಂದವನು ಏಜಾಕ್ಸ್. ಆದರೆ ಅಕಿಲೀಸ್‌ನ ಆಯುಧಗಳು ಯಾರಿಗೆ ಸೇರಬೇಕು ಅನ್ನುವ ಪ್ರಶ್ನೆ ಬಂದಾಗ ಅವು ಇನ್ನೊಬ್ಬ ಗ್ರೀಕ್ ವೀರ ಒಡಿಸ್ಯೂಸ್‌ನ ಪಾಲಾದವು. ಅವಮಾನ ತಡೆಯದೆ ಏಜಾಕ್ಸ್ ತನ್ನದೇ ಕತ್ತಿಯ ಮೇಲೆ ಬಿದ್ದು ಸತ್ತ. ಎಕ್ಸೆಕಿಯಾಸ್ ಅದನ್ನೂ ಬರೆದಿದ್ದಾನೆ. ಆ ಆಂಫೊರಾ ಫ್ರಾನ್ಸ್‌ನ ಬೂಲೋನ್-ಸುರ್-ಮೇರ್‌ನಲ್ಲಿದೆ. ಬೇರೆ ಕಲಾವಿದರು ಕತ್ತಿ ಚುಚ್ಚಿ ಬಿದ್ದ ಹೆಣ ಬರೆದರು. ಇವನು ಅದಕ್ಕಿಂತ ಮುಂಚಿನ ಗಳಿಗೆ ಹಿಡಿದ. ಏಜಾಕ್ಸ್ ಕುಕ್ಕರಗಾಲಲ್ಲಿ ಕೂತು ಕತ್ತಿಯನ್ನು ನೆಲದಲ್ಲಿ ನೆಡುತ್ತಿದ್ದಾನೆ, ಸುತ್ತ ಮಣ್ಣು ಒತ್ತುತ್ತಿದ್ದಾನೆ. ಹಣೆಯಲ್ಲಿ ಗೀರಿದ ಸುಕ್ಕುಗಳು. ಒಂದು ಕಡೆ ಮರ, ಇನ್ನೊಂದು ಕಡೆ ಅವನದೇ ಗುರಾಣಿ, ಶಿರಸ್ತ್ರಾಣ.

ಈಗ ಮತ್ತೆ ಆಟದ ಚಿತ್ರಕ್ಕೆ ಬನ್ನಿ. ಮೂರು ಅಂತ ಹೇಳಿದವನು ಯಾರು ಅನ್ನುವುದಕ್ಕೆ ಈಗ ಬೇರೆ ತೂಕ ಬರುತ್ತದೆ ಅಲ್ವಾ?

ರಾಜಕೀಯದ ಓದೂ ಒಂದಿದೆ. ಕ್ರಿ.ಪೂ. 546ರ ಸುಮಾರಿಗೆ ಅಥೆನ್ಸ್‌ನ ಅಧಿಕಾರ ಹಿಡಿಯಲು ಬಂದ ಪೈಸಿಸ್ಟ್ರಾಟಸ್ ಪಲ್ಲೀನಿ ಅನ್ನುವ ಊರಿನಲ್ಲಿ ಅಥೆನ್ಸ್ ಸೈನ್ಯದ ಮೇಲೆ ಬಿದ್ದಾಗ ಅವರು ಊಟ ಮುಗಿಸಿ ಕೆಲವರು ದಾಳ ಆಡುತ್ತಿದ್ದರು, ಕೆಲವರು ಮಲಗಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಈ ಚಿತ್ರ ಅದನ್ನು ನೆನಪಿಸುತ್ತದೆ ಅಂತ ಗ್ರೀಕ್ ಕಲೆಯ ವಿದ್ವಾಂಸ ಜಾನ್ ಬೋರ್ಡ್‌ಮನ್ ವಾದ ಮಾಡಿದ್ದರು. ದೊಡ್ಡ ವೀರರೂ ಆಟದಲ್ಲಿ ಮೈಮರೆತಿದ್ದರು, ನಮ್ಮವರದ್ದೇನು ತಪ್ಪು ಅನ್ನುವ ಹಾಗೆ.

ಕುಂಚದವಳು

ಬೋರ್ಡ್‌ಮನ್ ದೊಡ್ಡವರು, ಆದರೆ ನನಗೆ ಈ ವಾದ ರುಚಿಸಲಿಲ್ಲ. ಇವರು ಮೈಮರೆತಿಲ್ಲ. ಈಟಿ ಕೈ ಬಿಟ್ಟಿಲ್ಲ. ಕವಚ ಬಿಚ್ಚಿಲ್ಲ. ಕೂಗು ಬಂದರೆ ಎದ್ದು ಓಡಲು ತಯಾರಾಗಿಯೇ ಇದ್ದಾರೆ. ಸೋಮಾರಿ ಸೈನಿಕರನ್ನು ಸಮರ್ಥಿಸಲು ಯಾರಾದರೂ ಹೀಗೆ ಬರೆಯುತ್ತಾರಾ?

ಹಳೇಪುಟ

ಆಕ್ಷೇಪಣೆ ಸರಿಯಾಗಿದೆ. ಬೇರೆಯವರೂ ಅದನ್ನು ಒಪ್ಪಿಲ್ಲ. ನನಗೆ ಇಷ್ಟ ಆಗಿದ್ದು ಹೆರೊಡೊಟಸ್‌ನ ಸಾಲು ಮಾತ್ರ. ಆ ಕಾಲದ ಸೈನಿಕರು ಪಾಳೆಯದಲ್ಲಿ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಅದು ಸಾಕ್ಷಿ.

ಖರ್ಚುಲೆಕ್ಕ

ಒಂದು ಪ್ರಶ್ನೆ ಉಳಿಯಿತು. ಇಷ್ಟು ಪರಿಣತಿ ಇದ್ದ ಕಪ್ಪು ಆಕೃತಿಯ ಶೈಲಿಯನ್ನು ಯಾಕೆ ಬಿಟ್ಟರು? ಸ್ವಲ್ಪ ವರ್ಷದಲ್ಲೇ ಎಲ್ಲರೂ ಕೆಂಪು ಆಕೃತಿಗೆ ಹೋದರಲ್ಲ.

ತಿಗರಿಮಣ್ಣು

ಸುಮಾರು ಕ್ರಿ.ಪೂ. 530-520ರಲ್ಲಿ ತಿರುವು ಬಂತು. ಮಣ್ಣು ಅದೇ, ಸುಡುವುದೂ ಅದೇ. ಎಲ್ಲಿ ತುಂಬಬೇಕು ಎಲ್ಲಿ ಬಿಡಬೇಕು ಅನ್ನುವುದು ಮಾತ್ರ ಉಲ್ಟಾ. ಆಕೃತಿಯನ್ನು ಕೆಂಪಾಗಿ ಬಿಟ್ಟು ಸುತ್ತ ಕಪ್ಪು ತುಂಬಿದರು. ಆಗ ಒಳಗಿನ ಗೆರೆಗಳನ್ನು ಗೀರಬೇಕಾಗಿಲ್ಲ, ಕುಂಚದಲ್ಲಿ ಎಳೆಯಬಹುದು. ದಪ್ಪ ಗೆರೆ, ತೆಳು ಗೆರೆ, ನೀರು ಸೇರಿಸಿ ಮಸುಕು ಗೆರೆ. ತಿರುಗಿದ ಮೈ, ಮಡಿಚಿದ ಮೊಣಕಾಲು ಎಲ್ಲ ಸುಲಭವಾಯಿತು.

ತಮಾಷೆ ಏನು ಗೊತ್ತಾ? ಬಾಸ್ಟನ್ ಮ್ಯೂಸಿಯಂನಲ್ಲಿ ಒಂದು ಆಂಫೊರಾ ಇದೆ. ಒಂದು ಬದಿ ಕಪ್ಪು ಆಕೃತಿ, ಇನ್ನೊಂದು ಬದಿ ಕೆಂಪು ಆಕೃತಿ. ಎರಡು ಬದಿಯಲ್ಲೂ ಇದೇ ಅಕಿಲೀಸ್, ಏಜಾಕ್ಸ್, ಇದೇ ಆಟ. ಕೆಂಪು ಬದಿ ಆಂಡೊಕಿಡೆಸ್ ಚಿತ್ರಕಾರ ಅಂತ ಕರೆಯುವವನದು. ಹೊಸ ಶೈಲಿಯನ್ನು ಪರೀಕ್ಷೆ ಮಾಡಲು ಅವನಿಗೆ ಎಕ್ಸೆಕಿಯಾಸ್‌ನ ದೃಶ್ಯವೇ ಬೇಕಾಯಿತು.

ಕಪ್ಪು ಆಕೃತಿ ಪೂರ್ತಿ ಸತ್ತಿತು ಅಂತಲೂ ಅಲ್ಲ. ಅಥೆನ್ಸ್‌ನ ಕ್ರೀಡೆಗಳಲ್ಲಿ ಗೆದ್ದವರಿಗೆ ಎಣ್ಣೆ ತುಂಬಿ ಕೊಡುತ್ತಿದ್ದ ಪಾನಾಥೆನಾಯಿಕ್ ಆಂಫೊರಾಗಳಿಗೆ ಮುಂದೆಯೂ ಅದೇ ಶೈಲಿ ಉಳಿಯಿತು. ಬಹುಮಾನ ಅಂದರೆ ಹೀಗೇ ಇರಬೇಕು ಅನ್ನುವ ಸಂಪ್ರದಾಯ.

ದುರ್ಗದ ಬಂಡೆ

ಬಾಸ್ಟನ್‌ನದ್ದರ ಎರಡೂ ಬದಿ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಕಣ್ಣಿಗೆ ಕಪ್ಪು ಬದಿಯೇ ಗಟ್ಟಿ. ಕೆಂಪು ಬದಿಯಲ್ಲಿ ಬಟ್ಟೆ ಚೆನ್ನಾಗಿದೆ, ಭಾರ ಇಲ್ಲ.

ಕುಂಚದವಳು

ನನಗೂ ಹಾಗೇ ಅನಿಸಿತು. ಕಪ್ಪು ಆಕೃತಿ ಅಂದರೆ ನೆರಳಿನ ಹಾಗೆ ಒಂದೇ ಗಡ್ಡೆ. ಆ ಗಡ್ಡೆ ಮಡಕೆಯ ಉಬ್ಬನ್ನು ಅಪ್ಪಿಕೊಳ್ಳುತ್ತದೆ. ಕೆಂಪು ಆಕೃತಿ ಮಡಕೆಯಿಂದ ಹೊರಗೆ ಬಂದು ನಿಲ್ಲಲು ನೋಡುತ್ತದೆ.

ರೈನ್ ದಂಡೆ

ಹಾಗಾದರೆ ನೀವು ಮ್ಯೂನಿಕ್‌ನಲ್ಲಿರುವ ಅವನ ಬಟ್ಟಲು ನೋಡಲೇಬೇಕು. ಸುಮಾರು 30 ಸೆಂಟಿಮೀಟರ್ ಅಗಲ, ಒಳಗೆ ದ್ರಾಕ್ಷಾರಸದ ದೇವರು ಡಯೊನೈಸಸ್ ದೋಣಿಯಲ್ಲಿ ಒರಗಿದ್ದಾನೆ, ಕಂಬಕ್ಕೆ ದ್ರಾಕ್ಷಿ ಬಳ್ಳಿ, ಸುತ್ತ ಡಾಲ್ಫಿನ್‌ಗಳು. ದುಂಡಗಿನ ತಳದಲ್ಲಿ ನೆಲದ ಗೆರೆಯೇ ಇಲ್ಲದೆ ಬರೆದಿದ್ದಾನೆ. ಹಿನ್ನೆಲೆ ಹವಳದ ಕೆಂಪು, ಅದು ಸಾಮಾನ್ಯ ಮಣ್ಣಿನ ಕೆಂಪಲ್ಲ.

ತಿಗರಿಮಣ್ಣು

ಆ ಹವಳದ ಕೆಂಪನ್ನು ಸುಡುವುದೇ ಬೇರೆ ತಲೆನೋವು, ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ. ಬಟ್ಟಲಿಗೆ ಬೇರೆ ಚರ್ಚೆ ತೆರೆಯಿರಿ, ನಿಮ್ಮ ಹತ್ತಿರ ಒಳಗಿನ, ಹೊರಗಿನ, ಹಿಡಿಯ ಬುಡದ ಫೋಟೊಗಳಿದ್ದರೆ ಮೂರನ್ನೂ ಹಾಕಿ. ಕತ್ತರಿಸದೆ ಹಾಕಿ.